ನನ್ನ ಕಿವಿಗುರುತಿನ ಕುರಿ

೧೯೫೮ ಅಕ್ಟೋಬರ್ ೨೮, ಮಂಗಳವಾರ

ಗುಡ್ಡದಿಂದ ಕುರಿ ಇಳಿಸಿ ಮುಗಿಯಿತು. ಮಳೆ ಬರಲಿಲ್ಲ, ಪುಣ್ಯ. ನಾಯಿ ಮಾಸ್‌ನ ಮುಂಗಾಲಿಗೆ ಮುಳ್ಳು ನೆಟ್ಟು ಕುಂಟುತ್ತಿದೆ. ನನ್ನ ಸೊಂಟವೂ ಹಿಡಿದಿದೆ. ನಾಯಿಗೂ ನನಗೂ ವಯಸ್ಸಾಯಿತು.

ಟಗರು ಬಿಡುವ ಮೊದಲು ಒಂದೊಂದನ್ನೂ ಹಿಡಿದು ಹಲ್ಲು, ಗೊರಸು, ಕೆಚ್ಚಲು ನೋಡಬೇಕಲ್ಲ. ನೋಡುತ್ತ ಹೋದೆ. ಭುಜದ ಮೇಲೆ ಕೆಂಪು ಪಟ್ಟೆ ಇದ್ದ ಒಂದು ಕುರಿ ಸಿಕ್ಕಿತು. ನಮ್ಮದು ಸೊಂಟದ ಮೇಲೆ ನೀಲಿ. ಕೆಂಪು ಪಟ್ಟೆ ಅಂದರೆ ಗುಡ್ಡದಾಚೆ ರಾಸ್‌ಡೇಲಿನ ಜಾಸ್ ಟೋಲ್ಸನ್. ದಾರಿ ತಪ್ಪಿ ಬಂದಿದೆ, ನವೆಂಬರಿನ ಕುರಿಗಾರರ ಕೂಟದಲ್ಲಿ ಒಪ್ಪಿಸಿದರಾಯಿತು ಎಂದು ಪಕ್ಕಕ್ಕೆ ತಳ್ಳಲು ತಲೆ ಹಿಡಿದೆ. ಕಿವಿ ಕೈಗೆ ಸಿಕ್ಕಿತು.

ಎಡಗಿವಿಯ ತುದಿ ಕತ್ತರಿಸಿದೆ. ಬಲಗಿವಿಯ ಕೆಳಗೆ ಒಂದು ಕಚ್ಚು.

ನನ್ನ ಗುರುತು! ಥಾರ್ನ್‌ಗಿಲ್ ಮನೆಯ ಗುರುತು. ನನ್ನ ತಾತನ ಕಾಲದಿಂದ ಇದೊಂದೇ ಮನೆಯದು. ನಮ್ಮಲ್ಲಿ ಮರಿ ಹುಟ್ಟಿ ವಾರ ತುಂಬುವಷ್ಟರಲ್ಲಿ ಕಿವಿ ಕತ್ತರಿಸುತ್ತೇವೆ. ಈ ಸೀಮೆಯಲ್ಲಿ ಬೇರೆ ಯಾರೂ ಅಷ್ಟು ಬೇಗ ಮಾಡುವುದಿಲ್ಲ, ನಗುತ್ತಾರೆ ಕೂಡ. ನಗಲಿ. ಪಕ್ಕದವನಿಗೆ ನಮ್ಮ ಮರಿಯ ಮೇಲೆ ಕತ್ತರಿ ಆಡಿಸಲು ಸಮಯ ಕೊಡಬಾರದು ಎಂದು ಅಪ್ಪ ಹೇಳುತ್ತಿದ್ದರು. ಬಣ್ಣ ಮಳೆಗೆ ಹೋಗುತ್ತದೆ. ಕಿವಿಯಲ್ಲಿ ಕತ್ತರಿಸಿದ್ದು ಸಾಯುವವರೆಗೂ ಇರುತ್ತದೆ.

ಅದರ ಮೇಲೆ ಇವನು ಕೆಂಪು ಬಳಿದಿದ್ದಾನೆ. ಒಂದು ಸಲವಲ್ಲ — ಹಳೆಯ ಬಣ್ಣದ ಮೇಲೆ ಹೊಸ ಬಣ್ಣ, ವರ್ಷವರ್ಷವೂ. ಹಲ್ಲು ನೋಡಿದೆ. ಆರು ವರ್ಷದ ಕುರಿ.

ಆರು ವರ್ಷ ನನ್ನ ಕುರಿಯ ಉಣ್ಣೆ ಕತ್ತರಿಸಿಕೊಂಡು ತಿಂದಿದ್ದಾನೆ. ಕೂಟದ ಅಧ್ಯಕ್ಷ ಬೇರೆ!

ಊಟ ಸೇರಲಿಲ್ಲ.


ಅಕ್ಟೋಬರ್ ೩೦

ಕೆಳಗಿನ ಅಂಚೆಮನೆಗೆ ಹೋಗಿ ಫೋನ್ ಮಾಡಿದೆ. ಟೋಲ್ಸನ್‌ಗಳ ಜೊತೆ ನಾನು ಮಾತಾಡಿ ಎಷ್ಟು ಕಾಲವಾಯಿತು? ಆ ಕುರಿ ಪ್ರದರ್ಶನದ ದಿನದಿಂದ. ಜಾಸ್ ತೀರ್ಪುಗಾರ. ನಾನು ವರ್ಷವಿಡೀ ಸಾಕಿದ ಟಗರಿನ ಸುತ್ತ ಎರಡು ಸುತ್ತು ಬಂದ. ಅದರ ಮುಂಗಾಲು ನೋಡಿದರೆ ಹಾಲು ಕರೆಯುವ ಸ್ಟೂಲಿನ ನೆನಪಾಗುತ್ತದೆ ಎಂದು ಊರೆದುರು ಹೇಳಿದ. ಎಲ್ಲರೂ ನಕ್ಕರು. ವಿಲ್ಫ್ ಕೂಡ ನಕ್ಕ — ನನ್ನ ಸ್ವಂತ ಗಂಡ. ಮನೆಗೆ ಬರುವವರೆಗೆ ಅವನ ಜೊತೆಯೂ ಮಾತಾಡಲಿಲ್ಲ. ಜಾಸ್ ಜೊತೆ ಆಮೇಲೂ ಆಡಲಿಲ್ಲ.

ಫೋನಿನಲ್ಲಿ ಎಲ್ಲ ಹೇಳಿದೆ. ಕಿವಿ, ಬಣ್ಣ, ಹಲ್ಲು.

"ಕಿವಿ ನಿಂದೇ ಆದ್ರೆ ಇಟ್ಕೋ ಹೆಸ್ಟರ್," ಎಂದ. "ನಾನು ಕೇಳಲ್ಲ."

ಕೇಳಲ್ಲವಂತೆ! ನನ್ನ ಕುರಿಯನ್ನು ನನಗೆ ದಾನ ಮಾಡುತ್ತಿದ್ದಾನೆ. ಹೇಗೆ ನಿನ್ನ ಹತ್ತಿರ ಬಂತು ಎಂದರೆ ತುಟಿ ಪಿಟಕ್ಕೆನ್ನಲಿಲ್ಲ. ಕದ್ದೆಯಾ ಎಂದು ಕೇಳಿದೆ. ಅದಕ್ಕೂ ಮೌನ. ಹೌದು ಅಂದಿದ್ದರೆ ಒಂದು ಥರ, ಇಲ್ಲ ಅಂದಿದ್ದರೆ ಇನ್ನೊಂದು ಥರ. ಹೆಂಡತಿ ಆಗ್ನೆಸ್ ನನ್ನ ಸೊಂಟನೋವು ಹೇಗಿದೆ ಎಂದು ಕೇಳಲಿಕ್ಕೆ ಹೇಳಿದ್ದಾಳೆ ಎಂದು ಬೇರೆ ಸೇರಿಸಿದ. ಫೋನ್ ಇಟ್ಟೆ. ಅಂಚೆಮನೆಯವಳು ಸ್ಟಾಂಪ್ ಎಣಿಸುವ ನಾಟಕ ಮಾಡುತ್ತಿದ್ದಳು.


ನವೆಂಬರ್ ೩

ಕೂಟದ ಕಾರ್ಯದರ್ಶಿ ಲ್ಯಾನ್ಸ್ ಪೆಪ್ಪರ್ ಬಂದಿದ್ದ. ನಾನು ಕೂಟಕ್ಕೆ ದೂರು ಬರೆದು ಕಳಿಸಿದ್ದೆ, ಅದನ್ನು ವಿಚಾರಿಸಲು. ಕುರಿಯ ಕಿವಿ ಮುಟ್ಟಿ ನೋಡಿದ. ಮುಖ ಸಣ್ಣಗಾಯಿತು. ಒಳ್ಳೆಯ ಹುಡುಗ, ಆದರೆ ಎಲ್ಲರಿಗೂ ಹೌದು ಅನ್ನುವ ಜಾತಿ. ಜಿಂಜರ್‌ಬ್ರೆಡ್ ಕೊಟ್ಟರೆ ಅದನ್ನೇ ಮುರಿಯುತ್ತ ಕೂತ.

"ಒಂದು ಕುರಿ ಹೆಸ್ಟರ್. ಬಿಟ್ಬಿಡಬಾರದಾ? ಕೂಟದಲ್ಲಿ ಎತ್ತಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು."

ಗೊತ್ತಿಲ್ಲದೆ ಏನು. ಬೇರೆಯವರ ಕಿವಿಗುರುತಿನ ಮೇಲೆ ತನ್ನ ಬಣ್ಣ ಹಾಕಿದವನ ಗುರುತನ್ನೇ ಕೂಟ ರದ್ದು ಮಾಡುತ್ತದೆ. ಗುರುತಿಲ್ಲದವನು ಗುಡ್ಡಕ್ಕೆ ಕುರಿ ಬಿಡುವಂತಿಲ್ಲ. ಟೋಲ್ಸನ್‌ಗಳ ಕೆಲಸ ಅಲ್ಲಿಗೆ ಮುಗಿಯಿತು. ಆಗಲಿ. ನಾನೇನು ಅವನ ಕೈಗೆ ಬಣ್ಣದ ಡಬ್ಬ ಕೊಟ್ಟಿದ್ದೆನೇ?

ಕೂಟದ ದಿನ ಕುರಿಯನ್ನೂ ನನ್ನನ್ನೂ ಲ್ಯಾಂಡ್ ರೋವರಿನಲ್ಲಿ ರಾಸ್‌ಡೇಲಿಗೆ ಕರೆದೊಯ್ಯುತ್ತೇನೆ, ರಸ್ತೆ ಸುತ್ತಾದರೂ ಬೆಚ್ಚಗೆ ಹೋಗಬಹುದು ಎಂದ. ಬೇಡ ಎಂದೆ. ಗುಡ್ಡ ಹತ್ತಿ ಇಳಿದು ನಡೆದೇ ಹೋಗುತ್ತೇನೆ. ನನ್ನ ಅಪ್ಪ ಹಾಗೆಯೇ ಹೋಗುತ್ತಿದ್ದದ್ದು. ಹಗ್ಗ ಹಿಡಿದು ಆ ಕುರಿಯನ್ನು ಊರ ಬೀದಿಯಲ್ಲೇ ನಡೆಸಿಕೊಂಡು ಹೋಗಬೇಕು. ಕಿವಿ ಎಲ್ಲರೂ ನೋಡಲಿ.

ಒಬ್ಬರೇ? ಈ ತಿಂಗಳಲ್ಲಿ? ಈ ವಯಸ್ಸಿಗೆ? — ಮೂರು ಪ್ರಶ್ನೆ ಒಂದರ ಹಿಂದೊಂದು. ಅರವತ್ತೊಂದು ಒಂದು ವಯಸ್ಸೇ! ಬಾಗಿಲು ತೋರಿಸಿದೆ.


ನವೆಂಬರ್ ೯, ಭಾನುವಾರ

ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಎಲ್ಲರೂ ನನ್ನನ್ನು ನೋಡಿ ಕೆಮ್ಮಿದರು. ತಪ್ಪು ಮಾಡಿದವನು ಅವನು, ಕೆಮ್ಮು ನನಗೆ.

ವಿಲ್ಫ್‌ನ ಸಮಾಧಿಯ ಮೇಲಿನ ಎಲೆ ಗುಡಿಸಿದೆ. ಹೆಣ ಹೊರುವಾಗ ಒಂದು ಮೂಲೆಗೆ ಜಾಸ್ ಹೆಗಲು ಕೊಟ್ಟಿದ್ದ, ಯಾರೂ ಕರೆಯದೆ. ನಾನು ಥ್ಯಾಂಕ್ಸ್ ಹೇಳಿರಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು.


ನವೆಂಬರ್ ೧೫, ಶನಿವಾರ. ಬೆಳಕು ಹರಿಯುವ ಮುಂಚೆ

ಹೊರಟೆ. ಬ್ರೆಡ್ಡು, ಚೀಸು, ಫ್ಲಾಸ್ಕಿನಲ್ಲಿ ಚಹಾ. ವಿಲ್ಫ್‌ನ ಕೊಂಬಿನ ಹಿಡಿಯ ಕೋಲು. ಅದು ಉದ್ದವಾಗಿದೆ, ಕೆಸರಿನ ಆಳ ನೋಡಲು ಸರಿ. ಮಾಸ್ ಬರುತ್ತೇನೆಂದು ಬಾಗಿಲು ಕೆರೆಯುತ್ತಿದೆ. ಕಾಲು ಇನ್ನೂ ಊದಿದೆ, ಬೇಡ.

ಕುರಿಗೆ ಹಗ್ಗ ಕಟ್ಟಿದೆ. ಅದು ನನ್ನನ್ನು ನೋಡುವ ರೀತಿಯೇ ಟೋಲ್ಸನ್‌ಗಳದ್ದು. ಹೊಗೆಯಂತೆ ಕಣ್ಣು. ಏನೂ ಹೇಳುವುದಿಲ್ಲ.


ಹಳೇ ದೊಡ್ಡಿಯ ಹತ್ತಿರ, ಬೆಳಿಗ್ಗೆ

ಕೂತು ಉಸಿರಾಡುತ್ತಿದ್ದೇನೆ. ಈ ಪ್ರಾಣಿಗೆ ಒಂದು ಹೆಜ್ಜೆ ಮುಂದಿಡಲು ಹತ್ತು ಸಲ ಎಳೆಯಬೇಕು. ನಾಲ್ಕೂ ಕಾಲು ಊರಿ ನಿಂತರೆ ಬಂಡೆ. ಹಿಂದಿನಿಂದ ಮಂಡಿಯಲ್ಲಿ ತಳ್ಳಿದೆ, ಮುಂದಿನಿಂದ ಜಗ್ಗಿದೆ, ಬೈದೆ. ಒಂದು ಕಡೆ ನಾನೇ ಜರಿಗಿಡದ ಮೇಲೆ ಬಿದ್ದೆ. ಯಾರೂ ನೋಡಲಿಲ್ಲ. ನೋಡಿದ್ದರೂ ನನಗೇನು.

ಬೇಸಿಗೆಯ ಪಿಕ್ನಿಕ್ಕಿನವರು ದೊಡ್ಡಿಯ ಗೋಡೆಯ ಕಲ್ಲು ಕಿತ್ತು ಒಲೆ ಮಾಡಿದ್ದಾರೆ. ಸಾರ್ಡೀನ್ ಡಬ್ಬ ಅಲ್ಲೇ. ಕಲ್ಲುಗಳನ್ನು ವಾಪಸ್ ಗೋಡೆಗೆ ಏರಿಸಿದೆ. ಹಾಗೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಸಮಯ ಹೋಯಿತು. ಡಬ್ಬ ನನ್ನ ಜೇಬಿನಲ್ಲಿದೆ, ವಾಸನೆ.

ಕೂಟದಲ್ಲಿ ಹೇಳುವ ಮಾತನ್ನು ದಾರಿಯುದ್ದ ಅಭ್ಯಾಸ ಮಾಡುತ್ತಿದ್ದೇನೆ. ಮೊದಲು ಏನೂ ಹೇಳುವುದಿಲ್ಲ. ಕುರಿಯನ್ನು ನಡುವೆ ನಿಲ್ಲಿಸಿ ಅವನ ಕೈಯನ್ನೇ ಹಿಡಿದು ಕಿವಿಯ ಮೇಲೆ ಇಡುತ್ತೇನೆ. ಇದು ಯಾರದ್ದು, ಅಧ್ಯಕ್ಷರೇ? ಅಷ್ಟೇ.

ಅವನು ಹೋದಮೇಲೆ ಗುಡ್ಡದ ಆ ಪಾಲು ಯಾರಿಗೆ ಎಂದು ಈಗಾಗಲೇ ಜನ ಮಾತಾಡುತ್ತಿದ್ದಾರಂತೆ. ಹೇಸಿಗೆ. ಕುರಿ ಇನ್ನೂ ಹಗ್ಗದಲ್ಲಿದೆ, ಅಷ್ಟರಲ್ಲೇ ಹಂಚಿಕೊಳ್ಳುತ್ತಿದ್ದಾರೆ.


ತುದಿಯ ಕಲ್ಲುಗುಪ್ಪೆ

ಮಂಜು. ಜೌಗು ದಾಟುವಾಗಲೇ ಶುರುವಾಯಿತು. ಈಗ ಚಾಚಿದ ಕೈಯ ಬೆರಳೂ ಮಸುಕು. ಗುಪ್ಪೆ ಸಿಕ್ಕಿದ್ದೇ ಪುಣ್ಯ, ಕೋಲು ತಗುಲಿ ಸಿಕ್ಕಿತು. ಇಲ್ಲಿಂದ ಆ ಕಡೆ ನೀರೆಲ್ಲ ರಾಸ್‌ಡೇಲಿಗೆ, ಈ ಕಡೆಯದು ನಮ್ಮ ಹಳ್ಳಕ್ಕೆ.

ಇಲ್ಲಿಯವರೆಗೆ ಎಷ್ಟೋ ಸಲ ಬಂದಿದ್ದೇನೆ. ಆಚೆಯ ಇಳಿಜಾರು ನನಗೆ ಗೊತ್ತಿಲ್ಲ. ಅಪ್ಪನ ಜೊತೆ ಚಿಕ್ಕವಳಿದ್ದಾಗ ಒಂದೆರಡು ಸಲ. ಬಲಕ್ಕೆ ತಿರುಗಿದರೆ ಕಡಿದಾದ ಬಂಡೆಯ ಅಂಚು, ಬಿದ್ದರೆ ಮೂಳೆಯೂ ಸಿಗುವುದಿಲ್ಲ. ಎಡಕ್ಕೆ ಕುದುರೆ ಮುಳುಗುವ ಜೌಗು. ನಡುವೆ ದಾರಿ ಇದೆ ಎಂದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ.

ಹೆದರಿಕೆಯಾಗುತ್ತಿದೆ. ಇಲ್ಲಿ ಬರೆಯಲು ಏನು ನಾಚಿಕೆ. ಬೆರಳು ಬಗ್ಗುತ್ತಿಲ್ಲ. ಲ್ಯಾನ್ಸ್‌ನ ಮೂರು ಪ್ರಶ್ನೆ ನೆನಪಾಗಿ ಇನ್ನೂ ಸಿಟ್ಟು ಬಂತು. ಸಿಟ್ಟಿಗೆ ಸ್ವಲ್ಪ ಬೆಚ್ಚಗಾಯಿತು.

ಒಂದು ವಿಚಿತ್ರ. ಗುಪ್ಪೆ ಮುಟ್ಟಿದಾಗಿನಿಂದ ಕುರಿ ಸುಮ್ಮನೆ ನಿಲ್ಲುತ್ತಿಲ್ಲ. ಹಗ್ಗ ಬಿಗಿಯುತ್ತಿದೆ, ಆಚೆ ಕಡೆಗೆ. ಈಗ ಅದು ನನ್ನನ್ನು ಎಳೆಯುತ್ತಿದೆ.


ಎಲ್ಲಿ ಎಂದು ತಿಳಿಯದು. ಮಧ್ಯಾಹ್ನ ಇರಬೇಕು

ಕುರಿಯ ಹಿಂದೆ ಬಂದೆ. ಬೇರೆ ದಾರಿ ಇರಲಿಲ್ಲ. ಹಗ್ಗ ಸಡಿಲ ಬಿಟ್ಟು, ಕೋಲು ಊರುತ್ತ. ಅದು ಒಮ್ಮೆಯೂ ಅನುಮಾನಿಸಲಿಲ್ಲ. ಒಂದು ಗೊರಸಿನಷ್ಟೇ ಅಗಲದ ದಾರಿ — ಜೌಗಿನ ಅಂಚಿಗೆ ಬಂದಾಗ ಮೇಲಕ್ಕೆ ಸುತ್ತಿತು, ಬಂಡೆಯ ಹತ್ತಿರ ಕೆಳಕ್ಕೆ ಇಳಿಯಿತು, ತೊರೆಯನ್ನು ಮೂರು ಕಲ್ಲಿನ ಮೇಲೆ ದಾಟಿತು. ನಾನು ನಾಲ್ಕನೆಯ ಕಲ್ಲು ಹುಡುಕಿ ನೀರಿಗೆ ಕಾಲಿಟ್ಟೆ. ಬೂಟಿನೊಳಗೆ ನೀರು.

ಈಗ ಒಂದು ದೊಡ್ಡ ಬಂಡೆಯ ಮರೆಯಲ್ಲಿದ್ದೇವೆ. ಗಾಳಿ ಇಲ್ಲ. ನೆಲ ಹುಲ್ಲು ಸವೆದು ನುಣುಪಾಗಿದೆ, ಬಂಡೆಗೆ ಉಣ್ಣೆ ಅಂಟಿದೆ. ಎಷ್ಟೋ ಕುರಿಗಳು ಎಷ್ಟೋ ಕಾಲದಿಂದ ಮೈ ಉಜ್ಜಿದ ಜಾಗ. ಇನ್ನೂ ನಾಲ್ಕೈದು ಕುರಿ ಇಲ್ಲೇ ಮಲಗಿವೆ, ಎಲ್ಲದರ ಮೇಲೂ ಕೆಂಪು ಪಟ್ಟೆ. ನನ್ನದು — ನನ್ನದು ಅನ್ನಲೇ? — ಅವುಗಳ ನಡುವೆ ಹೋಗಿ ಎರಡು ಸುತ್ತು ಸುತ್ತಿ ಮಲಗಿತು. ಮೆಲುಕು ಹಾಕುತ್ತಿದೆ.

ಹಾಗಾದರೆ ಇದರ ನೆಲೆ ಇಲ್ಲಿ.

ನೆಲೆಯನ್ನು ಯಾರೂ ಕುರಿಗೆ ಕಲಿಸಲು ಆಗುವುದಿಲ್ಲ. ಗುಡ್ಡದಲ್ಲಿ ಬೇಲಿ ಎಲ್ಲಿದೆ? ಮರಿ ಮೊದಲ ಬೇಸಿಗೆಯಲ್ಲಿ ತಾಯಿಯ ಹಿಂದೆ ಓಡಾಡಿ ಯಾವ ನೆಲ ಕಲಿಯುತ್ತದೋ ಅದೇ ಜೀವನಪೂರ್ತಿ ಅದರ ಮನೆ. ದೊಡ್ಡದಾದ ಮೇಲೆ ಕದ್ದು ತಂದ ಕುರಿ ಆಗಿದ್ದರೆ ಬಾಗಿಲು ತೆಗೆದ ದಿನವೇ ನಮ್ಮ ಕಡೆಗೆ ಓಡಿ ಬರುತ್ತಿತ್ತು. ಇದು ಇಲ್ಲೇ ಬೆಳೆದದ್ದು. ಈ ಬಂಡೆಯ ಮರೆಯಲ್ಲಿ ಹಾಲು ಕುಡಿದದ್ದು. ತಾಯಿ ಟೋಲ್ಸನ್‌ಗಳ ಕುರಿ.

ಕಿವಿ ಮಾತ್ರ ನನ್ನದು.

ಅಂದರೆ ಇನ್ನೂ ಕೆಟ್ಟದ್ದು ಮಾಡಿದ್ದಾನೆ! ಹಾಲುಗಲ್ಲದ ಮರಿಯನ್ನೇ, ಕಿವಿಯ ಗಾಯ ಒಣಗುವ ಮೊದಲೇ ನನ್ನ ಅಂಗಳದಿಂದ ಎತ್ತಿಕೊಂಡು ಹೋಗಿದ್ದಾನೆ. ಆರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಹಿಮ ಬಿದ್ದು ಒಲೆಯ ಹತ್ತಿರ ಪೆಟ್ಟಿಗೆಯಲ್ಲಿ ತಬ್ಬಲಿ ಮರಿಗಳನ್ನು ಇಟ್ಟಿದ್ದೆ. ಬಾಟಲಿ ಹಾಲು ಒಂದಕ್ಕೂ ಸರಿಯಾಗಿ ಹಿಡಿಸಲಿಲ್ಲ. ಆದರೆ ಯಾವುದೂ ಕಳುವಾಗಿರಲಿಲ್ಲ. ಒಂದು ಸತ್ತಿತು, ಅಷ್ಟೇ. ನಾನು ಮಲಗಿದ್ದಾಗ ಸತ್ತಿತು, ಗೋಡೆಯ ಹಿಂದೆ ಹೂತೆ ಎಂದು ವಿಲ್ಫ್ ಹೇಳಿದ್ದ. ನೋಡಿಕೊಳ್ಳಲಿಕ್ಕೂ ಆಗಲಿಲ್ಲವಾ ಎಂದು ಅವನಿಗೆ ಚೆನ್ನಾಗಿ ಬೈದಿದ್ದೆ.

ಮಂಜು ತೆಳುವಾಗುತ್ತಿದೆ. ಕೆಳಗೆ ಗೋಡೆ, ಗೇಟು, ಹೊಗೆ. ಟೋಲ್ಸನ್‌ಗಳ ಮನೆ. ಅದರಾಚೆ ಕೂಟ ನಡೆಯುವ ಪಬ್. ಬರುತ್ತಿದ್ದೇನೆ ಜಾಸ್.


ಟೋಲ್ಸನ್ ಮನೆಯ ಅಡುಗೆಮನೆ

ಆಗ್ನೆಸ್ ಒಣ ಸಾಕ್ಸ್ ಹುಡುಕಲು ಮಹಡಿಗೆ ಹೋಗಿದ್ದಾಳೆ. ಬೇಗ ಬರೆಯುತ್ತೇನೆ. ಇಲ್ಲದಿದ್ದರೆ ನನ್ನ ತಲೆ ಸಿಡಿಯುತ್ತದೆ.

ಗೇಟಿನಲ್ಲೇ ಅವಳು ಸಿಕ್ಕಳು, ಕೂಟಕ್ಕೆ ಎರಡನೆಯ ಪಾತ್ರೆ ಆಲೂಗಡ್ಡೆ-ಮಾಂಸದ ಟೇಟಿ ಪಾಟ್ ಒಯ್ಯಲು ಮನೆಗೆ ಬಂದಿದ್ದಳಂತೆ. ಚಿಕ್ಕವಳಿದ್ದಾಗಿನಿಂದ ಗೊತ್ತಿರುವವಳು. ನನ್ನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕುರಿ. ನೋಡಿದಳು. ಮೊದಲು ನನ್ನ ಒದ್ದೆ ಬೂಟು ಬಿಚ್ಚಿಸಿದಳು. ಆಮೇಲೆ ಹೇಳಿದಳು. ಜಾಸ್ ಬಾಯಿ ಬಿಡಬೇಡ ಎಂದು ಅವಳಿಗೂ ಹೇಳಿದ್ದನಂತೆ. "ಅವನು ಮಾತು ಕೊಟ್ಟಿದ್ದಾನೆ, ನಾನು ಕೊಟ್ಟಿಲ್ಲ ಕಣೇ," ಎಂದಳು. "ನಾನ್ಯಾಕೆ ಸುಮ್ನಿರಬೇಕು?"

ಆ ಏಪ್ರಿಲ್‌ನಲ್ಲಿ ವಿಲ್ಫ್ ಹಿಮದಲ್ಲಿ ಹೂತುಹೋದ ಕುರಿ ಹುಡುಕುತ್ತ ತುದಿಗೆ ಹೋಗಿದ್ದ. ಅಲ್ಲಿ ಜಾಸ್ ಸಿಕ್ಕಿದ. ಜಾಸ್‌ನ ಒಂದು ಕುರಿಯ ಮರಿ ಹಿಂದಿನ ರಾತ್ರಿ ಸತ್ತಿತ್ತು. ಕೆಚ್ಚಲು ಬಿರಿಯುವಷ್ಟು ಹಾಲು, ಕೂಗಿಕೂಗಿ ಅದರ ಗಂಟಲು ಒಡೆದಿತ್ತು. ಮರುದಿನ ವಿಲ್ಫ್ ನಮ್ಮ ತಬ್ಬಲಿಗಳಲ್ಲಿ ಒಂದನ್ನು ಕೋಟಿನೊಳಗೆ ಇಟ್ಟುಕೊಂಡು ಆ ಹಿಮದಲ್ಲಿ ಗುಡ್ಡ ಹತ್ತಿ ಇಳಿದು ಈ ಮನೆಗೆ ಬಂದ. ಇದೇ ಕಲ್ಲಿನ ನೆಲದ ಮೇಲೆ ಜಾಸ್ ಸತ್ತ ಮರಿಯ ಚರ್ಮ ಬಿಚ್ಚಿದ. ನಮ್ಮ ಮರಿಗೆ ಅಂಗಿ ಹಾಗೆ ತೊಡಿಸಿದರು. ತಾಯಿ ಮೂಸಿ ನೋಡಿತು, ತನ್ನದೇ ವಾಸನೆ, ಕೆಚ್ಚಲಿಗೆ ಬಿಟ್ಟುಕೊಂಡಿತು. ಇದನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ.

"ನಮ್ಮನೇಲಿ ಮರಿ ಇದೆ ಹಾಲಿಲ್ಲ, ನಿಮ್ಮನೇಲಿ ಹಾಲಿದೆ ಮರಿ ಇಲ್ಲ, ಇದರಲ್ಲಿ ಯೋಚನೆ ಮಾಡೋದೇನಿದೆ ಅಂದ ವಿಲ್ಫ್," ಎಂದಳು ಆಗ್ನೆಸ್. "ಹೆಸ್ಟರ್‌ಗೆ ಮಾತ್ರ ಗೊತ್ತಾಗೋದು ಬೇಡ, ಟಗರಿನ ಕಾಲು ಅವಳು ಇನ್ನೂ ಮರೆತಿಲ್ಲ, ಅಂದ. ಜಾಸ್ ಆಯ್ತು ಅಂದ."

ನಮ್ಮ ಮನೆಯ ಅವಸರದ ಕತ್ತರಿ ಅಷ್ಟರಲ್ಲಿ ಕಿವಿಯ ಮೇಲೆ ಆಡಿ ಆಗಿತ್ತು. ಬೇರೆ ಯಾರ ಮನೆಯ ಮರಿಯಾಗಿದ್ದರೂ ಕಿವಿ ಇನ್ನೂ ಇಡಿಯಾಗಿರುತ್ತಿತ್ತು.

ಎಂಥಾ ಜನ ಇವರು! ವಿಲ್ಫ್ ಸತ್ತು ಎರಡು ಚಳಿಗಾಲ ಕಳೆಯಿತು. ಸತ್ತವನಿಗೆ ಕೊಟ್ಟ ಮಾತಂತೆ. ಅದಕ್ಕಾಗಿ ನಾನು ಕಳ್ಳ ಅಂದರೂ ಸುಮ್ಮನೆ, ಊರು ಬೆನ್ನ ಹಿಂದೆ ಮಾತಾಡಿದರೂ ಸುಮ್ಮನೆ, ಇವತ್ತು ಊಟವಾದ ಮೇಲೆ ಗುರುತು ರದ್ದು ಮಾಡಿದರೂ ಸುಮ್ಮನೆ ಇರುತ್ತಾನಂತೆ. ಬೆಳಿಗ್ಗೆ ಒಳ್ಳೆಯ ಕೋಟು ಹಾಕಿಕೊಂಡು ಹೋದ ಎಂದಳು ಆಗ್ನೆಸ್. ಫೋನಿನಲ್ಲಿ ಒಂದು ಮಾತು ಅಂದಿದ್ದರೆ ಆಗುತ್ತಿರಲಿಲ್ಲವಾ? ಬಾಯಿಗೆ ಏನು ಬೀಗ ಜಡಿದಿತ್ತಾ? ನಾನು ಚರ್ಚಿನಲ್ಲಿ ಒಬ್ಬಳೇ ಕೂತೆ, ಗುಡ್ಡದಲ್ಲಿ ಸಾಯುತ್ತಿದ್ದೆ, ಎಲ್ಲ ಇವನ ಮಾತಿನ ನಿಯತ್ತಿಗೆ!

ಮೆಟ್ಟಿಲ ಮೇಲೆ ಹೆಜ್ಜೆ. ಹೋಗಬೇಕು. ಅವನು ಹೇಳುವುದಿಲ್ಲ. ಹೇಳುವವಳು ನಾನೇ.


ನವೆಂಬರ್ ೧೬, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮೈಕೈ ನೋವು. ಲ್ಯಾನ್ಸ್‌ನ ಲ್ಯಾಂಡ್ ರೋವರಿನಲ್ಲೇ ವಾಪಸ್ ಬಂದದ್ದು, ಏನು ಮಾಡಲಿ, ಕತ್ತಲಾಗಿತ್ತು. ದಾರಿಯುದ್ದ ಅವನು ಬಾಯಿ ಬಿಡಲಿಲ್ಲ, ಬುದ್ಧಿವಂತ.

ಆಗ್ನೆಸ್‌ಳ ಸಾಕ್ಸ್, ಆಗ್ನೆಸ್‌ಳ ಗಂಡನ ಹಳೇ ಬೂಟು. ಅದನ್ನು ಹಾಕಿಕೊಂಡೇ ಪಬ್ಬಿನೊಳಗೆ ಹೋದೆ. ಕುರಿಯನ್ನು ಅಂಗಳದಲ್ಲಿ ಆಗ್ನೆಸ್ ಹಿಡಿದಿದ್ದಳು. ತಟ್ಟೆ ಎತ್ತುತ್ತಿದ್ದರು. ಒಂದು ಕಡೆ ಕಮಿಟಿ, ನಡುವೆ ಜಾಸ್, ಒಳ್ಳೆಯ ಕೋಟಿನಲ್ಲಿ, ಕೈಗಳು ಮೇಜಿನ ಮೇಲೆ. ಊಟ ಮುಟ್ಟಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತ, ಕರೆದರೆ ಬರುತ್ತೇನೆ ಅನ್ನುವ ಹಾಗೆ.

ದಾರಿಯಲ್ಲಿ ಅಭ್ಯಾಸ ಮಾಡಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ.

"ಹೊರಗಿರೋ ಕುರಿ ಜಾಸ್‌ದು," ಎಂದೆ. "ಕಿವಿ ನಂದು, ಕುರಿ ಅವಂದು. ದೂರು ವಾಪಸ್."

ಅಷ್ಟಕ್ಕೇ ಬಿಡುತ್ತಾರಾ. ಗುಡ್ಡದ ಪಾಲಿನ ಮೇಲೆ ಕಣ್ಣಿಟ್ಟವರಲ್ಲಿ ಒಬ್ಬ, ಹೆಸರು ಬರೆಯುವುದಿಲ್ಲ, ನಿಯಮ ನಿಯಮವೇ, ಬೇರೆಯವರ ಕಿವಿಯ ಮೇಲೆ ಬಣ್ಣ ಯಾಕಿತ್ತು ಎಂದು ತಿಳಿಯಬೇಕು ಎಂದ. ಎಲ್ಲರೂ ನನ್ನನ್ನೇ ನೋಡಿದರು. ಜಾಸ್ ತಲೆ ಅಲ್ಲಾಡಿಸಿದ, ಬೇಡ ಎಂದು. ನನಗೇ ಬೇಡ ಅನ್ನುತ್ತಾನೆ!

ಹೇಳಿದೆ. ಹಿಮ, ಹಾಲು, ಚರ್ಮ. "ನನ್ನ ಗಂಡ ಕೊಟ್ಟಿದ್ದು. ಮರಿ ಸತ್ತಿತು ಅಂತ ನನಗೆ ಸುಳ್ಳು ಹೇಳಿದ. ಯಾಕೆ ಹೇಳಿದ ಅಂತ ನಿಮಗ್ಯಾರಿಗೂ ವಿವರಿಸಬೇಕಾಗಿಲ್ಲ. ನಾನು ಎಂಥವಳು ಅಂತ ಗೊತ್ತಲ್ಲ ನಿಮಗೆ."

ಹಿಂದಿನ ಬೆಂಚಿನಲ್ಲಿ ಯಾರೋ ಫಕ್ಕನೆ ನಕ್ಕರು. ಇಡೀ ಕೋಣೆ ನಕ್ಕಿತು. ಆ ಟಗರಿನ ದಿನ ನಕ್ಕ ಹಾಗೆಯೇ. ನನ್ನ ಕಿವಿ ಬಿಸಿಯಾಯಿತು. ಆದರೂ ನಿಂತೇ ಇದ್ದೆ. ಜಾಸ್ ಒಬ್ಬ ನಗಲಿಲ್ಲ. ಕೂತ, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಅವನ ಕೋಟಿನ ತೋಳು ಸವೆದು ದಾರ ಬಿಟ್ಟಿತ್ತು.

ಹೊರಗೆ ಕುರಿಯ ಹಗ್ಗ ಬಿಚ್ಚಿದೆ. ಹಿಂತಿರುಗಿಯೂ ನೋಡದೆ ಗುಡ್ಡಕ್ಕೆ ಹೋಯಿತು, ಋಣಗೇಡಿ. ಜಾಸ್ ಬಾಗಿಲಿಗೆ ಬಂದು ನಿಂತಿದ್ದ. ಈಗಲಾದರೂ ಏನಾದರೂ ಹೇಳು ಎಂದೆ.

"ಆ ಟಗರಿನ ಕಾಲು ಮಾತ್ರ ಸ್ಟೂಲೇ ಆಗಿತ್ತು ಹೆಸ್ಟರ್," ಎಂದ. "ಅದರಲ್ಲಿ ನಾನು ಸುಳ್ಳು ಹೇಳಲ್ಲ."

ಹತ್ತು ಮಾತಿಗೆ ಬಾಯಿ ತೆರೆಯದವನು ಇದಕ್ಕೆ ತೆರೆದ! ವಿಲ್ಫ್‌ನ ಕೋಲನ್ನು ಅವರ ಅಡುಗೆಮನೆಯಲ್ಲೇ ಮರೆತು ಬಂದದ್ದು ಈ ಸಿಟ್ಟಿಗೇ.

ಬೆಳಿಗ್ಗೆಯಿಂದ ವಿಲ್ಫ್ ಜೊತೆ ಜಗಳವಾಡುತ್ತಿದ್ದೇನೆ, ಖಾಲಿ ಮನೆಯಲ್ಲಿ. ಗೋಡೆಯ ಹಿಂದೆ ಗುದ್ದಲಿ ಹಿಡಿದು ನೆಲ ಅಗೆದ ಸದ್ದೂ ಮಾಡಿದ್ದನಲ್ಲ, ನನಗೆ ಕೇಳಲಿ ಎಂದು! ಆ ಮರಿ ಸತ್ತಿತು ಎಂದು ನಾನು ಒಲೆಯ ಮುಂದೆ ಕೂತು ಅತ್ತಿದ್ದೆ. ಅವನು ನನ್ನ ಬೆನ್ನು ಸವರಿದ, ಬೈಸಿಕೊಂಡ, ಬದುಕಿದೆ ಎಂದು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು?

ಗೊತ್ತು. ಹಿಮವೋ ಮಣ್ಣೋ, ಅದೇ ಕ್ಷಣ ಹೋಗಿ ಆ ಮರಿಯನ್ನು ತಾಯಿಯ ಕೆಚ್ಚಲಿನಿಂದ ಕಿತ್ತು ತರುತ್ತಿದ್ದೆ. ಟೋಲ್ಸನ್‌ಗಳ ಹಾಲು ನಮಗೆ ಬೇಡ ಎನ್ನುತ್ತಿದ್ದೆ. ಮರಿ ಇಲ್ಲಿ ಪೆಟ್ಟಿಗೆಯಲ್ಲಿ ಸಾಯುತ್ತಿತ್ತು. ಅವನಿಗೆ ಗೊತ್ತಿತ್ತು. ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಮಲಗಿ, ನನಗೆ ಹೇಳಲಾಗದೆ ಸತ್ತ. ಇದಕ್ಕೆ ನಾನು ಯಾರ ಮೇಲೆ ದೂರು ಕೊಡಲಿ?

ಮಾಸ್ ಬೊಗಳುತ್ತಿದೆ. ಗುಡ್ಡದ ಕಡೆಗೆ.

ಕಿಟಕಿಯಿಂದ ನೋಡಿದೆ. ಮೇಲಿನ ಗೋಡೆಯ ಹತ್ತಿರ ಯಾರೋ ಇಳಿಯುತ್ತಿದ್ದಾರೆ, ಒಬ್ಬರೇ. ಕೈಯಲ್ಲಿ ಉದ್ದ ಕೋಲು, ಕೊಂಬಿನ ಹಿಡಿ. ಕಾರಿನಲ್ಲಿ ಬರಬಾರದಿತ್ತೇ ಈ ಮನುಷ್ಯ! ನನಗಿಂತ ಎರಡು ವರ್ಷ ದೊಡ್ಡವನು, ನವೆಂಬರಿನಲ್ಲಿ, ಜೌಗು ದಾಟಿ, ಒಂದು ಕೋಲಿಗಾಗಿ. ಬುದ್ಧಿ ಇದೆಯಾ? ಸಾಕ್ಸ್ ಒದ್ದೆಯಾಗಿರುತ್ತದೆ. ವಿಲ್ಫ್‌ನದ್ದು ಮೇಲಿನ ಪೆಟ್ಟಿಗೆಯಲ್ಲಿದೆ, ತೆಗೆಯಬೇಕು. ಅದಕ್ಕೂ ಮೊದಲು ಅಂಗಳದಲ್ಲಿ ಕಟ್ಟಿರುವ ಟಗರನ್ನು ಹಿಂದಿನ ಕೊಟ್ಟಿಗೆಗೆ ಸೇರಿಸಬೇಕು. ಅದೂ ಆ ಹಳೇ ಟಗರಿನ ಮೊಮ್ಮಗನೇ, ಮುಂಗಾಲು ಅಚ್ಚು ಅಜ್ಜನದ್ದು, ಅವನ ಕಣ್ಣಿಗೇನಾದರೂ ಬಿದ್ದರೆ —